ಉಂಗುರದ ಬೀಗ: ಧಾರವಾಡದ ಮಳೆಯಲ್ಲಿ ಒಂಬತ್ತು ವರ್ಷ ಬಳಸಿದ ಒಪಿನೆಲ್ 8

ನನ್ನ ಬಳಿ ಈಗ ಹದಿನಾಲ್ಕು ಮಡಿಸುವ ಚಾಕುಗಳಿವೆ. ಹದಿಮೂರು ಹಳೆಯ ಧೋತರದ ತುಂಡುಗಳಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿ ಕುಳಿತಿವೆ, ಒಂದು ಮಾತ್ರ ಒಂಬತ್ತು ವರ್ಷಗಳಿಂದ ನನ್ನ ಕಿಸೆಯಲ್ಲಿದೆ. ಅದು ಫ್ರಾನ್ಸಿನ ಒಪಿನೆಲ್ ಕಂಪನಿಯ 8ನೇ ನಂಬರಿನ, ಕಾರ್ಬನ್ ಉಕ್ಕಿನ ಅಲಗುಳ್ಳ ಚಾಕು. ಕೆಲಗೇರಿಯಾಚೆ ನಮಗಿರುವ ಸಣ್ಣ ಮಾವಿನ ತೋಟದಲ್ಲಿ, ಹುಬ್ಬಳ್ಳಿಯ ಕಚೇರಿಯಲ್ಲಿ, ಪೇರಲ ಹಣ್ಣು ಹೆಚ್ಚುವುದರಿಂದ ಹಿಡಿದು ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವವರೆಗೆ ಎಲ್ಲ ಕೆಲಸಕ್ಕೂ ಅದನ್ನೇ ಬಳಸಿದ್ದೇನೆ. ಕೊಂಡ ಮೊದಲ ವಾರದಲ್ಲಿ ಯಾವ ಚಾಕುವಾದರೂ ಚೆನ್ನಾಗಿಯೇ ಕತ್ತರಿಸುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಹರಿತದ ಮಾತು ಕಡಿಮೆ, ಬೀಗದ, ಎಂದರೆ ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ವ್ಯವಸ್ಥೆಯ, ಮಾತು ಹೆಚ್ಚು.

ಬೀಗದ ಮೇಲೆ ನನಗೆ ಇಷ್ಟು ಗಮನ ಬರಲು ಕಾರಣ ಬಲಗೈ ತೋರುಬೆರಳಿನ ಮೇಲಿರುವ ಒಂದು ಗಾಯದ ಗುರುತು. ನಾನು ಮೊದಲು ಬಳಸಿದ್ದು ತಂದೆಯವರ ಹಳೆಯ ಕಿಸೆಚಾಕು. ಅದರಲ್ಲಿ ಬೀಗವೆಂಬುದೇ ಇರಲಿಲ್ಲ. ಹಿಡಿಯ ಬೆನ್ನಿನಲ್ಲಿದ್ದ ಉಕ್ಕಿನ ಪಟ್ಟಿಯೊಂದು ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತಿತ್ತು. ಇದನ್ನು ಸ್ಲಿಪ್ ಜಾಯಿಂಟ್ ಎನ್ನುತ್ತಾರೆ. ಸ್ವಿಸ್ ಸೇನಾ ಚಾಕು ಎಂದು ನಾವೆಲ್ಲ ಕರೆಯುವ, 1897ರಲ್ಲಿ ಕಾರ್ಲ್ ಎಲ್ಸನರ್ ನೋಂದಾಯಿಸಿದ ಅಧಿಕಾರಿಗಳ ಚಾಕುವಿನದೂ ಇದೇ ವ್ಯವಸ್ಥೆ. ಕೆಳಮುಖವಾಗಿ ಕೊಯ್ಯುವಾಗ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಆದರೆ ಮೊನೆಯಿಂದ ಚುಚ್ಚಿ ತೂತು ಮಾಡಲು ಹೋದರೆ ಒತ್ತಡ ಅಲಗಿನ ಬೆನ್ನಿನ ಕಡೆ ತಿರುಗಿ, ಪಟ್ಟಿ ಸೋತು, ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ನನಗೆ ಆದದ್ದು ಅದೇ, ಚರ್ಮದ ಬೆಲ್ಟಿಗೆ ತೂತು ಹಾಕುವಾಗ.

ಒಪಿನೆಲ್‌ನ ಇತಿಹಾಸ ಹೆಚ್ಚು ಹೇಳಬೇಕಿಲ್ಲ. ಆಲ್ಪ್ಸ್ ಪರ್ವತದ ಸವೊಯ್ ಪ್ರಾಂತದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೈತರಿಗಾಗಿ ಮಾಡಿದ ಚಾಕು ಅದು; ಅಲಗಿನ ಮೇಲಿನ ಕಿರೀಟ ಧರಿಸಿದ ಕೈಯ ಗುರುತು 1909ರದು. ಆಗ ಅದಕ್ಕೂ ಬೀಗವಿರಲಿಲ್ಲ. ವಿರೋಬ್ಲಾಕ್ ಎಂಬ ಉಂಗುರವನ್ನು 1955ರಲ್ಲಿ ಮಾರ್ಸೆಲ್ ಒಪಿನೆಲ್ ರೂಪಿಸಿದರು. ಮರದ ಹಿಡಿಯ ತಲೆಗೆ ಬಿಗಿದ ಒಂದು ಸ್ಥಿರ ಪಟ್ಟಿ, ಅದರ ಮೇಲೆ ತಿರುಗುವ ಇನ್ನೊಂದು ಉಂಗುರ. ತಿರುಗುವ ಉಂಗುರದಲ್ಲಿ ಒಂದು ಸೀಳು ಇದೆ. ಸೀಳು ಹಿಡಿಯ ಗಾಡಿಗೆ, ಎಂದರೆ ಅಲಗು ಮಡಚಿ ಕೂರುವ ತೋಡಿಗೆ, ಎದುರಾಗಿದ್ದರೆ ಅಲಗು ಸಲೀಸಾಗಿ ಓಡಾಡುತ್ತದೆ, ಉಂಗುರವನ್ನು ತಿರುಗಿಸಿದರೆ ಅದರ ಇಡೀ ಗೋಡೆ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅಲಗು, ಹಿಡಿ, ಮೊಳೆ, ಎರಡು ಉಂಗುರ: ಐದೇ ಭಾಗಗಳು. 2000ರಲ್ಲಿ ಆದ ಸುಧಾರಣೆಯಿಂದ ಮಡಿಸಿದ ಸ್ಥಿತಿಯಲ್ಲೂ ಬೀಗ ಹಾಕಬಹುದಾಯಿತು. ಮನೆಯಲ್ಲಿ ಮಕ್ಕಳಿರುವವರಿಗೆ ಇದು ತೆರೆದಾಗಿನ ಬೀಗಕ್ಕಿಂತ ಮುಖ್ಯವೆಂದೇ ನಾನು ತಿಳಿಯುತ್ತೇನೆ. 8ನೇ ನಂಬರಿನ ಅಲಗು 8.5 ಸೆಂಟಿಮೀಟರ್, ಹಿಡಿ 11 ಸೆಂಟಿಮೀಟರ್. ಅಂಗಿಯ ಕಿಸೆಯಲ್ಲಿಟ್ಟರೆ ಜೋತು ಬೀಳುವಷ್ಟು ತೂಕವೂ ಇಲ್ಲ.

ಈ ಬೀಗದ ಪರೀಕ್ಷೆ ಧಾರವಾಡದಲ್ಲಿ ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ. ಹಿಡಿ ಬೀಚ್ ಎಂಬ ಯುರೋಪಿನ ಮರದ್ದು, ಅದು ನೀರು ಕುಡಿದರೆ ಉಬ್ಬುವ ಮರ. ನಮ್ಮಲ್ಲಿ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಡದು, ಬಟ್ಟೆಯೇ ಒಣಗದ ದಿನಗಳಲ್ಲಿ ಮರ ಒಣಗೀತೇ? ಮೊದಲ ವರ್ಷ ನಾನು ಏನೂ ತಿಳಿಯದೆ ಒದ್ದೆ ಚಾಕುವನ್ನು ಮಡಿಸಿ ಚೀಲದಲ್ಲಿಟ್ಟೆ. ಮರುದಿನ ಉಂಗುರ ಎಂದಿನಂತೆ ತಿರುಗಿತು, ಅಲಗು ಮಾತ್ರ ಹೊರಬರಲಿಲ್ಲ. ಗಾಡಿಯ ಎರಡೂ ಗೋಡೆಗಳು ಅದನ್ನು ಕಚ್ಚಿ ಹಿಡಿದಿದ್ದವು. ಇದನ್ನು ತಯಾರಕರ ದೋಷವೆನ್ನಲಾರೆ, ಮರದ ಗುಣ ಅರಿಯದ ನನ್ನ ತಪ್ಪು ಅದು. ಸವೊಯ್ ಪ್ರಾಂತದ ಜನ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ಬೀಗ ತೆಗೆದು, ಹಿಡಿಯ ಹಿಂತುದಿಯನ್ನು ಮೇಜಿಗೆ ಜೋರಾಗಿ ಒಮ್ಮೆ ಕುಟ್ಟಿದರೆ ಅಲಗಿನ ಮೊನೆ ಉಗುರಿಗೆ ಸಿಗುವಷ್ಟು ಮೇಲೇಳುತ್ತದೆ. ನಾನು ಹೀಗೆ ಕುಟ್ಟುವುದನ್ನು ಕಂಡ ನಮ್ಮ ಅವ್ವ, "ಈಳಿಗಿ ಮನ್ಯಾಗ ಇದ್ದಾಗ ಇದನ್ಯಾಕ ಗುದ್ಯಾಡತಿ?" ಎಂದರು. ಉತ್ತರ ಕೊಡುವುದು ಕಷ್ಟವಾಯಿತು.

ಕುಟ್ಟುವುದು ಆ ಹೊತ್ತಿಗೆ ಸರಿ, ನಿಜವಾದ ಮದ್ದು ನಮ್ಮ ಕಡೆಯ ಗಾಣದಲ್ಲೇ ಇದೆ. ಚಟ್ನಿಪುಡಿಗೆ ಬಳಸುವ ಅದೇ ಅಗಸಿಯ ಎಣ್ಣೆ ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವ ಜಾತಿಯದು. ಮರದೊಳಗೆ ಇಳಿದು ಅಲ್ಲೇ ಹೆಪ್ಪುಗಟ್ಟಿ ನೀರಿಗೆ ದಾರಿ ಕಡಿಮೆ ಮಾಡುತ್ತದೆ. ಶೇಂಗಾ ಎಣ್ಣೆ ಹೀಗೆ ಗಟ್ಟಿಯಾಗದು, ಕೆಲವು ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುವ, ಬೇಗ ಒಣಗಲೆಂದು ಲೋಹದ ಲವಣ ಬೆರೆಸಿದ ಅಗಸಿ ಎಣ್ಣೆಯನ್ನು ಹಣ್ಣು ಹೆಚ್ಚುವ ಚಾಕುವಿಗೆ ನಾನು ಹಚ್ಚುವುದಿಲ್ಲ. ಪ್ರತಿವರ್ಷ ಏಪ್ರಿಲ್‌ನಲ್ಲಿ, ಮರ ಪೂರ್ತಿ ಒಣಗಿ ಸಡಿಲವಾಗಿರುವಾಗ, ಮೊದಲು ತೆಳು ರಟ್ಟಿಗೆ ಉಜ್ಜುಕಾಗದ ಸುತ್ತಿ ಗಾಡಿಯ ಒಳಗೋಡೆಗಳನ್ನು ಹಗುರಾಗಿ ತೀಡುತ್ತೇನೆ, ಬಳಿಕ ವಾರಕ್ಕೊಮ್ಮೆಯಂತೆ ನಾಲ್ಕು ತೆಳು ಲೇಪ ಕೊಡುತ್ತೇನೆ. ಎಣ್ಣೆ ಒರೆಸಿದ ಅರಿವೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹಗ್ಗದ ಮೇಲೆ ಹರವಬೇಕು. ಇದೇ ಎಣ್ಣೆಯನ್ನು ಮೊಳೆಯ ಸಂದಿಗೂ ಬಿಟ್ಟ ವರ್ಷ ಅದು ಅಂಟಾಗಿ ಅಲಗನ್ನು ಹಿಡಿದುಬಿಟ್ಟಿತು. ಸಂದಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಕಳೆದ ಐದು ಮಳೆಗಾಲಗಳಲ್ಲಿ ಮೇಜಿಗೆ ಕುಟ್ಟಬೇಕಾಗಿ ಬಂದದ್ದು ಎರಡೇ ಸಲ.

ಉಂಗುರ ಸವೆದಿದೆಯೇ? ಸವೆದಿದೆ. ಉಂಗುರದ ಅಂಚು ಸ್ವಲ್ಪ ಓರೆಯಾಗಿರುವುದರಿಂದ ತಿರುಗಿಸಿದಷ್ಟೂ ಬಿಗಿಯುತ್ತದೆ. ಹೊಸದರಲ್ಲಿ ನಿಲ್ಲುತ್ತಿದ್ದ ಜಾಗಕ್ಕಿಂತ ಈಗ ಸುಮಾರು ಎರಡು ಮಿಲಿಮೀಟರ್ ಮುಂದೆ ಹೋಗಿ ನಿಲ್ಲುತ್ತದೆ, ಮುಂದೆ ಇನ್ನೂ ಸಾಕಷ್ಟು ಜಾಗವಿದೆ. ಎಷ್ಟು ಸವೆದಿದೆಯೆಂದು ಕಣ್ಣಿಗೇ ಕಾಣುವುದು ಈ ಬೀಗದಲ್ಲಿ ನನಗೆ ಹಿಡಿಸಿದ ಮುಖ್ಯ ಗುಣ. ಟ್ರಂಕಿನಲ್ಲಿರುವ ಲಾಕ್‌ಬ್ಯಾಕ್ ಚಾಕುಗಳಲ್ಲಿ ಈ ಅನುಕೂಲವಿಲ್ಲ. ಅಮೆರಿಕದ ಬಕ್ ಕಂಪನಿಯ 1964ರ 110 ಎಂಬ ಚಾಕು ಜನಪ್ರಿಯಗೊಳಿಸಿದ ಆ ಬಗೆಯಲ್ಲಿ ಬೆನ್ನಿನ ಸನ್ನೆಯ ಮೂಗು ಅಲಗಿನ ಬುಡದ ಕಚ್ಚಿಗೆ ಬಂದು ಕೂರುತ್ತದೆ. ಬಲದಲ್ಲಿ ಅದು ಉಂಗುರಕ್ಕಿಂತ ಮೇಲೆಂದು ಒಪ್ಪುತ್ತೇನೆ, ಆದರೆ ಕಚ್ಚಿನಲ್ಲಿ ಎರೆಮಣ್ಣಿನ ಧೂಳೋ ಬಟ್ಟೆಯ ಜುಂಗೋ ತುಂಬಿದರೆ ಮೂಗು ಅರ್ಧಕ್ಕೇ ನಿಲ್ಲುತ್ತದೆ, ಹೊರಗಿನಿಂದ ನೋಡಿದವನಿಗೆ ತಿಳಿಯುವುದೂ ಇಲ್ಲ. ನವಲಗುಂದದ ಕಡೆ ಬೇಸಿಗೆಯಲ್ಲಿ ಓಡಾಡಿ ಬಂದ ಮೇಲೆ ಕಡ್ಡಿಯಿಂದ ಆ ಕಚ್ಚನ್ನು ಕೆರೆಯುವುದು ಅಭ್ಯಾಸವಾಗಬೇಕು.

ಲೈನರ್ ಲಾಕ್ ಕಥೆ ಬೇರೆ. 1980ರ ದಶಕದಲ್ಲಿ ಅಮೆರಿಕದ ಮೈಕಲ್ ವಾಕರ್ ಇಂದಿನ ರೂಪಕ್ಕೆ ತಂದ ಈ ಬೀಗದಲ್ಲಿ ಹಿಡಿಯೊಳಗಿನ ತಗಡಿನ ನಾಲಿಗೆಯೊಂದು ಬಾಗಿ ಅಲಗಿನ ಬುಡದ ಹಿಂದೆ ಬಂದು ನಿಲ್ಲುತ್ತದೆ. ಒಂದೇ ಕೈಯಲ್ಲಿ ತೆರೆದು ಮುಚ್ಚಬಹುದು. ಒಳ್ಳೆಯ ತಯಾರಕರ ಕೈಯಲ್ಲಿ ಅದು ಸೊಗಸಾದ ಯಂತ್ರ, ಅಗ್ಗದ ನಕಲಿನಲ್ಲಿ ಮೋಸ. ಹೆಸರು ಹೇಳಲಿಚ್ಛಿಸದ ಒಬ್ಬ ಮಾರಾಟಗಾರರಿಂದ ತರಿಸಿದ ಅಂಥದ್ದೊಂದು ಆರೇ ತಿಂಗಳಲ್ಲಿ, ಅಲಗಿನ ಬೆನ್ನನ್ನು ಹಲಗೆಗೆ ಮೆಲ್ಲನೆ ತಟ್ಟಿದಾಗ, ನಾಲಿಗೆ ಜಾರಿ ಮಡಚಿಕೊಂಡಿತು. ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರಬೇಕಾದದ್ದೂ ನನಗೆ ಒಗ್ಗದು. ಹಾಗೆಂದು ಉಂಗುರಕ್ಕೆ ಕುಂದಿಲ್ಲವೆಂದಲ್ಲ. ಅದಕ್ಕೆ ಎರಡೂ ಕೈ ಬೇಕು. ಒಂದು ಕೈಯಲ್ಲಿ ಟೊಂಗೆ ಹಿಡಿದು ಮರದ ಮೇಲೆ ನಿಂತವನಿಗೆ ಈ ಚಾಕು ಕೆಲಸಕ್ಕೆ ಬಾರದು. ಇನ್ನು ಉಂಗುರವನ್ನು ತಿರುಗಿಸಲು ಮರೆತರೆ ಬೀಗವೇ ಇಲ್ಲ. ಉಳಿದೆರಡು ಬಗೆಗಳಲ್ಲಿ ಅಲಗು ತೆರೆದೊಡನೆ ಬೀಗ ತಾನಾಗಿಯೇ ಬೀಳುತ್ತದೆ.

ಕಾರ್ಬನ್ ಉಕ್ಕಿನ ಬಗ್ಗೆ ಎರಡು ಮಾತು. ಮಾವಿನಕಾಯಿ ಹೆಚ್ಚಿದ ಮೊದಲ ದಿನವೇ ಅಲಗು ನೀಲಿಗಪ್ಪಾಯಿತು. ಆ ಕಪ್ಪು ಕೂತ ಮೇಲೆ ಕೆಂಪು ತುಕ್ಕು ಕಡಿಮೆ. ಹರಿತ ಮಾಡಲು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡ ಸಾಣೆಕಲ್ಲು, ಎರಡು ಹನಿ ಎಣ್ಣೆ, ಹತ್ತು ನಿಮಿಷ ಸಾಕು. ಒಮ್ಮೆ ಮಾತ್ರ ಸೋಮಾರಿತನದಿಂದ ಸೈಕಲ್ ಚಕ್ರದ ಸಾಣೆಯವರ ಕೈಗೆ ಕೊಟ್ಟೆ. ಕಿಡಿ ಹಾರಿ ತೆಳು ಅಂಚು ನೀಲಿಯಾಯಿತು, ಎಂದರೆ ಹದ ಹೋಯಿತು. ಆ ಮೆದು ಭಾಗ ಸವೆದು ಗಟ್ಟಿ ಉಕ್ಕು ಬರುವವರೆಗೆ ಒಂದು ವರ್ಷ ಹಿಡಿಯಿತು.

ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಚಾಕು ಒಯ್ಯಬಹುದೇ ಎಂದು ಹಲವರು ಕೇಳುತ್ತಾರೆ. ಕಿಸೆಚಾಕು ಎಂದೊಡನೆ ನಮ್ಮವರ ಕಣ್ಣಿಗೆ ರಾಮಪುರಿಯೇ ಕಟ್ಟುತ್ತದೆ. ಶಸ್ತ್ರಾಸ್ತ್ರ ನಿಯಮಗಳು ಲೆಕ್ಕಕ್ಕೆ ಹಿಡಿಯುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು, ಅದರಲ್ಲೂ ಮನೆ ಮತ್ತು ಹೊಲದ ಉಪಕರಣಗಳಿಗೆ ವಿನಾಯಿತಿ ಇದೆ. ಆದರೂ ಊರ ಜಾತ್ರೆಗೆ, ಸಭೆಗೆ ನಾನು ಒಯ್ಯುವುದಿಲ್ಲ; ವಿಮಾನದ ಕೈಚೀಲದಲ್ಲಂತೂ ಕೂಡದು.

ಸಂಗ್ರಹಿಸುವ ಆಸೆಯಿದ್ದವರು ಉಕ್ಕಿನ ಚಾಕುಗಳನ್ನು ಚರ್ಮದ ಚೀಲದಲ್ಲಿ ಕೂಡಿಡಬಾರದು, ಹದ ಮಾಡಿದ ಚರ್ಮದ ಲವಣ ತುಕ್ಕು ತರಿಸುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಿಡಿಯ ಚಾಕು ಸಿಕ್ಕರೆ ಬೇರೆಯೇ ಡಬ್ಬಿಯಲ್ಲಿಡಬೇಕು, ಅದು ಉಗುಳುವ ಆಮ್ಲದ ಹಬೆ ನೆರೆಯ ಚಾಕುಗಳನ್ನೂ ತಿನ್ನುತ್ತದೆ. ಮೊದಲ ಬಾರಿಗೆ ಒಪಿನೆಲ್ ಕೊಳ್ಳುವವರು 6ನೇ ನಂಬರಿಗಿಂತ ಚಿಕ್ಕದನ್ನು ಆರಿಸಬೇಡಿ, 2ರಿಂದ 5ರವರೆಗಿನವುಗಳಿಗೆ ಉಂಗುರವಿಲ್ಲ. ತೋಟಕ್ಕಾದರೆ ಸ್ಟೇನ್‌ಲೆಸ್ ಅಲಗು ತೆಗೆದುಕೊಳ್ಳಿ. ಪೆಟ್ಟಿಗೆ ಬಿಚ್ಚಿದ ಕೂಡಲೇ ತೆರೆದ ಸ್ಥಿತಿಯಲ್ಲೊಮ್ಮೆ, ಮಡಿಸಿದ ಸ್ಥಿತಿಯಲ್ಲೊಮ್ಮೆ ಉಂಗುರ ತಿರುಗಿಸಿ, ಅದು ನಿಂತ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ. ನನ್ನ ಹಿಡಿಯ ಮೇಲೆ ಅಂಥ ಗೆರೆಗಳು ಈಗ ಮೂರಿವೆ.