ಇಲಿ ಹಿಡಿಯೋ ಗಮ್ ಪ್ಯಾಡ್: 5ಕ್ಕ 1 ಸ್ಟಾರ್, ದಯಮಾಡಿ ತಗೋಬ್ಯಾಡ್ರಿ

ಇಲಿ ಹಿಡಿತದ, ಅದು ಖರೇ, ಆ ಒಂದ್ ಸ್ಟಾರ್ ಅದಕ್ಕೇ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಎಲ್ಲಾ ಅಂಗಡ್ಯಾಗೂ ಸಿಗ್ತದಲ್ಲ, ಪುಸ್ತಕದಂಗ ಮಡಚೋ ಪ್ಯಾಡ್, ಅದೇ. ನಮ್ ಕಾಕಾ ತೊಗರಿ ಚೀಲ ಇಟ್ಟಿದ್ ಖೋಲ್ಯಾಗ ಹಾಕಿದ್ರು, ಮುಂಜಾನೆ ನೋಡಿದ್ರ ಒಂದ್ ಸಣ್ಣ ಇಲಿ, ಅದರ ಬಾಜೂಕ ಒಂದ್ ಹಾವರಾಣಿ. ಹೊಟ್ಟಿ ಪೂರಾ ಅಂಟಿತ್ತು, ಬಾಲ ಕಳಚಿ ಬಿದ್ದಿತ್ತು, ಕಣ್ಣ್ ಮಾತ್ರ ಮುಚ್ಚಿ ಮುಚ್ಚಿ ತೆಗೀಲತ್ತಿತ್ತು, ಹಲ್ಲಿಗಿ ಇಲ್ಲದ ರೆಪ್ಪಿ ಇದಕ್ಕ ಇರ್ತಾವ ನೋಡ್ರಿ. ಜಗ್ಗಿದ್ರ ಚರ್ಮಾನೇ ಕಿತ್ತ್ ಬರ್ತದ, ಅದಕ್ಕ ಕುಸುಬಿ ಎಣ್ಣಿ ಹನಿ ಹನಿ ಬಿಟ್ಟು ಹತ್ತಿಲೆ ಸಾವಕಾಶ ಬಿಡಿಸಿದ್ವಿ, ಪರಸಿ ಸಂದ್ಯಾಗ ಹೋಗಿ ಸೇರ್ಕೊಂಡ್ತು.

ಪ್ಯಾಕೆಟ್ ಮ್ಯಾಲ ಗ್ವಾಡಿ ಬಾಜೂ ಇಡ್ರಿ ಅಂತ ಬರ್ದಾರ, ಇಲಿ ಗ್ವಾಡಿ ಹಿಡಿದೇ ಓಡ್ತದ ಅಂತ, ಹಾವರಾಣಿನೂ ಹಂಗೇ ಓಡ್ತದಲ್ರೀ! ಜೊಂಡಿಗ, ಗೆದ್ದಲ, ಮಿಡತಿ ತಿಂದು ಇರೋ ಪ್ರಾಣಿ, ವಿಷ ಒಂದ್ ಚೂರೂ ಇಲ್ಲ, ಹಾವಿನ ಜಾತಿ ಅಂತ ತಿಳದು ಮೊದಲೇ ಮಂದಿ ಬಡೀತಾರ, ಮ್ಯಾಲ ಈ ಗಮ್ ಬ್ಯಾರೆ.

ನಮ್ ಕಡಿ ಇನ್ನಾ ಭಾಳ ಅದಾವ, ಇದೊಂದಕ್ಕ ಹಾವರಾಣಿ ಜಾತಿನೇ ಅಳದು ಹೋಗ್ತದ ಅಂತ ನಾ ಅನ್ನಂಗಿಲ್ಲ. ಆದ್ರ ಹಿಂದೂ ಮಹಾಸಾಗರದಾಗ ಆಸ್ಟ್ರೇಲಿಯಾದ ಕ್ರಿಸ್‌ಮಸ್ ದ್ವೀಪ ಅದ, 135 ಚದರ ಕಿಲೋಮೀಟರ್ ಅಷ್ಟೇ, ಅಲ್ಲಿ ಕಾಡಿನ ನೆಲದ ಮ್ಯಾಲ, ಉದುರಿದ ಎಲಿ ನಡುಕ ಇರೋ ಹಾವರಾಣಿ ಇತ್ತು, ಎಮೋಯಾ ನೇಟಿವಿಟಾಟಿಸ್ ಅಂತ, 1980ರ ಸುಮಾರಿಗಿ ಎಲ್ಲಿ ನೋಡಿದ್ರೂ ಕಾಣ್ತಿತ್ತಂತ. ಅದು ಅಳದು ಹೋಗಿದ್ದಕ್ಕ ಹೊರಗಿಂದ ಬಂದ ವುಲ್ಫ್ ಸ್ನೇಕ್ ಅನ್ನೋ ಹಾವು, ಹಳದಿ ಇರುವಿ, ದೊಡ್ಡ ಜರಿ ಇವುಗಳ ಮ್ಯಾಲೇ ಎಲ್ಲರ ಅನುಮಾನ, ಉಳಿದ ಕೊನೀ ಹಾವರಾಣಿಗಿ ಗಂಪ್ ಅಂತ ಹೆಸರಿಟ್ಟು ಸಾಕಿದ್ರು, ಅದೂ ಹೆಣ್ಣೇ, ಜೋಡಿಗಿ ಗಂಡು ಸಿಗಲೇ ಇಲ್ಲ, 2014 ಮೇ 31ಕ್ಕ ಅದೂ ಸತ್ತಿತು. ಓದಿ ಭಾಳ ಸಂಕಟ ಆಯ್ತ್ರಿ. ಭಾಳ ಅದಾವ ಅಂತ ಯಾರೂ ಲಕ್ಷ ಕೊಡ್ಲಾರದ ಪ್ರಾಣಿ ಒಬ್ಬರ ಜೀವಮಾನದಾಗೇ ಇಲ್ಲದಂಗ ಆಗ್ತದ ಅಂದ್ರ ಏನ್ ಹೇಳ್ಬೇಕು.

ಗಮ್ ಬದ್ಲಿ ತಂತಿ ಬೋನು ತಗೋರಿ, ಒಣಕೊಬ್ಬರಿ ತುಂಡು ಇಲ್ಲಾ ಎಣ್ಣಿ ಹಚ್ಚಿದ ರೊಟ್ಟಿ ಚೂರು ಸಿಗಿಸ್ರಿ, ಬ್ಯಾರೆ ಏನರೆ ಬಿದ್ರೂ ಬಾಗಿಲ ತೆಗದು ಬಿಡಬಹುದು. ಗಮ್ ಈಗಾಗ್ಲೇ ಹಾಕಿದ್ರ ಮುಂಜಾನೆ ಸಂಜಿ ಎರಡೂ ಹೊತ್ತು ನೋಡ್ರಿ, ಏನರೆ ಜೀವಂತ ಅಂಟಿದ್ರ ನೀರು ಹಾಕ್ಬ್ಯಾಡ್ರಿ, ಅಡಗಿ ಎಣ್ಣಿನೇ ಹಾಕ್ರಿ.