ಬುಲಂದ್ ದರ್ವಾಜಾ: ಕೆಳಗಿನಿಂದ ಹತ್ತಿ, ಸಾಕ್ಸ್ ಹಾಕಿಕೊಳ್ಳಿ

ಆಗ್ರಾಕ್ಕೆ ಹೋದ ನಮ್ಮವರು ತಾಜ್ ಮಹಲ್ ನೋಡಿ, ಒಂದು ಕೆಜಿ ಪೇಠಾ ಕಟ್ಟಿಸಿಕೊಂಡು ವಾಪಸ್ ರೈಲು ಹತ್ತಿಬಿಡುತ್ತಾರೆ. ಅಕ್ಬರ್ ಕಟ್ಟಿಸಿದ ಊರು ಫತೇಪುರ್ ಸಿಕ್ರಿ ಅಲ್ಲಿಂದ 40 ಕಿ.ಮೀ. ಕೂಡ ಆಗುವುದಿಲ್ಲ. ಅಲ್ಲಿನ ಮಸೀದಿಯ ಹೆಬ್ಬಾಗಿಲೇ ಈ ಬುಲಂದ್ ದರ್ವಾಜಾ. ಅರ್ಧ ದಿನ ಇಟ್ಟುಕೊಂಡು ಹೋಗಿ. ನಾವು ಹೋಗಿದ್ದು ಮೇ ತಿಂಗಳಲ್ಲಿ, ಅದು ನಮ್ಮದೇ ತಪ್ಪು ಬಿಡಿ.

ಗೈಡ್ ನಮ್ಮನ್ನು ಅರಮನೆ ಕಡೆಯಿಂದ, ಬಾದಶಾಹಿ ದರ್ವಾಜಾದ ಮೂಲಕ ಮಸೀದಿ ಅಂಗಳಕ್ಕೆ ಕರೆದುಕೊಂಡು ಹೋದ. ಅಲ್ಲಿಂದ ನೋಡಿದರೆ ಬುಲಂದ್ ದರ್ವಾಜಾ ನಮಗೆ ಬೆನ್ನು ಹಾಕಿ ನಿಂತಿರುತ್ತದೆ. ಇಷ್ಟೇನಾ ಅನ್ನಿಸಿತು. ಅದರ ಮುಖ ಇರುವುದು ದಕ್ಷಿಣಕ್ಕೆ, ಊರಿನ ಕಡೆಗೆ. ಹೊರಗೆ ಬಂದು ಮೆಟ್ಟಿಲೆಲ್ಲ ಇಳಿದು, ಕೆಳಗೆ ನಿಂತು ತಿರುಗಿ ನೋಡಿದೆ, ಟೋಪಿ ಬಿದ್ದುಹೋಯಿತು! ನೆಲದಿಂದ ಸುಮಾರು 54 ಮೀಟರ್. ನಮ್ಮ ಗೋಳಗುಮ್ಮಟಕ್ಕಿಂತ ಜಾಸ್ತಿ ಅಂತ ಗೈಡ್ ಬೀಗಿದ, ಆದರೆ ಇದು ಮೆಟ್ಟಿಲನ್ನೂ ಸೇರಿಸಿದ ಲೆಕ್ಕ, ಹಾಗಾಗಿ ನಾನು ಒಪ್ಪಲಿಲ್ಲ.

ಅಕ್ಬರ್ 1573ರಲ್ಲಿ ಗುಜರಾತ್ ಗೆದ್ದ ನೆನಪಿಗೆ ಕಟ್ಟಿಸಿದ್ದು. ಕೆಂಪು ಕಲ್ಲು, ಮಧ್ಯೆ ಮಧ್ಯೆ ಬಿಳಿ ಅಮೃತಶಿಲೆ. ಬಾಗಿಲಿನ ಮೇಲೆ ಪರ್ಷಿಯನ್‌ನಲ್ಲಿ ಏಸುವಿನದೆಂದು ಹೇಳುವ ಮಾತೊಂದಿದೆ: ಲೋಕ ಒಂದು ಸೇತುವೆ, ದಾಟಿ ಹೋಗು, ಅದರ ಮೇಲೆ ಮನೆ ಕಟ್ಟಬೇಡ. ಮಜಾ ಏನು ಗೊತ್ತಾ, ಇಡೀ ಊರನ್ನೇ ಕಟ್ಟಿ, 1585ರಲ್ಲಿ ಅದನ್ನು ಬಿಟ್ಟು ಲಾಹೋರ್ ಕಡೆ ಹೋದ ಮೇಲೆ, 1601ರಲ್ಲಿ ಕೆತ್ತಿಸಿದ್ದು ಇದನ್ನು.

ನನಗೆ ಇದಕ್ಕಿಂತ ಇಷ್ಟವಾಗಿದ್ದು ಮರದ ಬಾಗಿಲು. ಅದರ ತುಂಬಾ ತುಕ್ಕು ಹಿಡಿದ ಕುದುರೆ ಲಾಳಗಳು. ಕೆಲವು ಸೊಟ್ಟ, ಕೆಲವು ಒಂದರ ಮೇಲೊಂದು. ಕುದುರೆಗೆ ಹುಷಾರಿಲ್ಲದಿದ್ದರೆ ಜನ ಹರಕೆ ಹೊತ್ತು ಇಲ್ಲಿ ತಂದು ಹೊಡೆಯುತ್ತಿದ್ದರಂತೆ. ರಾಜನ ಗೆಲುವಿನ ಬಾಗಿಲಿಗೆ ಜಟಕಾದವನ ಮೊಳೆ! ಕಮಾನಿನ ಕೆಳಗೆ ನಿಂತು ತಲೆ ಎತ್ತಿದರೆ ಹೆಜ್ಜೇನಿನ ಗೂಡುಗಳು, ಅಲ್ಲಿ ಸುಮ್ನೆ ಕೂಗಾಡಬೇಡಿ.

ಇನ್ನು ಬೇಜಾರಿನ ವಿಷಯ. ಒಳಗೆ ಚಪ್ಪಲಿ ಬಿಡಬೇಕು, ಮಧ್ಯಾಹ್ನ ಆ ಕಲ್ಲು ದೋಸೆ ಕಾವಲಿನೇ. ನಾನು ಅಂಗಳದಲ್ಲಿರುವ ಸೂಫಿ ಸಂತ ಸಲೀಂ ಚಿಶ್ತಿ ದರ್ಗಾವರೆಗೆ ಕುಣಿಯುತ್ತಲೇ ಹೋದೆ. ಅಲ್ಲಿ ಗೈಡ್ ಮೆಲ್ಲಗೆ ಗೋರಿಗೆ ಹೊದಿಸುವ ಚಾದರ್ ಮಾರುವ ಅಂಗಡಿ ಮುಂದೆ ನಿಲ್ಲಿಸಿದ. ನಾವು ಬೇಡ ಅಂದೆವು, ಆಮೇಲೆ ಅವನ ಮಾತೇ ನಿಂತುಹೋಯಿತು. ಅರಮನೆಗೆ ಟಿಕೆಟ್ ಬೇಕು, ದರ್ವಾಜಾ ಮತ್ತು ದರ್ಗಾಕ್ಕೆ ಬೇಡ. ಹಾಗಾಗಿ ಯಾರಾದರೂ ಇದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಗೈಡ್‌ಗೆ, ಬಾಗಿಲಿಗಲ್ಲ.