ಕ್ರ್ಯಾಂಕ್ ಹತ್ರ ಕಟ್ ಕಟ್ ಬರ್ತಿದ್ರೆ ಮಣ್ಣಗುಡ್ಡೆಯ ಈ ಅಂಗಡಿಗೆ ಹೋಗಿ

ಮಂಗಳೂರಲ್ಲಿ ಗೇರ್ ಸೈಕಲ್ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ಶಬ್ದ ಎಲ್ಲಿಂದ ಬರ್ತದೆ ಅಂತ ತಾಳ್ಮೆಯಲ್ಲಿ ಹುಡುಕುವವರು ಭಾರೀ ಕಡಿಮೆ ಮಾರ್ರೆ. ಅದಕ್ಕೇ ಮಣ್ಣಗುಡ್ಡೆ ಒಳರಸ್ತೆಯ ಈ ಸಣ್ಣ ಅಂಗಡಿಗೆ ನಾಲ್ಕೂವರೆ ಸ್ಟಾರ್. ಬೋರ್ಡ್ ಅಂತ ಇದ್ದದ್ದರ ಬಣ್ಣ ಮಳೆಗೆ ಹೋಗಿದೆ, ಹೊರಗೆ ನೇತಾಡುವ ಟಯರ್ ನೋಡಿಯೇ ಗುರ್ತ ಹಿಡೀಬೇಕು.

ನನ್ನದು ಹೈಬ್ರಿಡ್ ಸೈಕಲ್, ಮುಂದೆ ಮೂರು ಚೈನ್‌ರಿಂಗ್ (ಪೆಡ್ಲ್ ಹತ್ರದ ಹಲ್ಲಿನ ಚಕ್ರ), ಕ್ರ್ಯಾಂಕ್ ಅಂದ್ರೆ ಪೆಡ್ಲಿನ ಕೈ ಕೂರುದು ಹಳೇ ನಮೂನೆಯ ಚೌಕ ಎಕ್ಸಲ್ ಮೇಲೆ. ಬೆಳಿಗ್ಗೆ ಕೂಳೂರು ಸೇತುವೆ ದಾಟಿ ತಣ್ಣೀರುಬಾವಿ, ಇಲ್ಲದಿದ್ರೆ ಪಣಂಬೂರು, ಮಳೆಗಾಲದಲ್ಲೂ ಬಿಡುದಿಲ್ಲ. ಮಳೆ ಮುಗಿಯುವ ಹೊತ್ತಿಗೆ ಏರಿನಲ್ಲಿ ಕಟ್... ಕಟ್... ಅಂತ ಶುರುವಾಯ್ತು, ಬಿಜೈಯಿಂದ ಕದ್ರಿ ಕಡೆ ಹತ್ತುವಾಗ ಅಂತೂ ಪಕ್ಕದ ಸ್ಕೂಟರಿನವರೂ ತಿರುಗಿ ನೋಡುವಷ್ಟು. ಮೊದಲು ಬೇರೆ ಒಂದು ದೊಡ್ಡ ಶೋರೂಮಿಗೆ ಕೊಂಡೋದೆ, ಹೆಸರು ಬೇಡ ಬಿಡಿ, ಅಲ್ಲಿ ಹುಡುಗ ಸೈಕಲ್ ಓಡಿಸಿಯೂ ನೋಡ್ಲಿಲ್ಲ, ಸ್ಟ್ಯಾಂಡಿಗೆ ಹಾಕಿ ಪೆಡ್ಲ್ ಒಮ್ಮೆ ತಿರುಗಿಸಿದ, "ಸರ್, ಕ್ರ್ಯಾಂಕ್‌ಸೆಟ್ ಪೂರ್ತಿ ಚೇಂಜ್" ಅಂದ. ಲೋಡ್ ಬಿದ್ರೆ ಮಾತ್ರ ಬರುವ ಶಬ್ದ ಸ್ಟ್ಯಾಂಡಿನ ಮೇಲೆ ಎಲ್ಲಿಂದ ಬರ್ಬೇಕು!

ಇಲ್ಲಿನ ಅಣ್ಣ ಸ್ಪ್ಯಾನರ್ ಮುಟ್ಲೇ ಇಲ್ಲ, "ನೀವೇ ಸ್ವಲ್ಪ ಓಡಿಸಿ, ನಾನು ಕೇಳ್ತೇನೆ" ಅಂತ ಹೇಳಿ ರಸ್ತೆಗೆ ಇಳಿಸಿದ್ರು. ಕೂತು ತುಳೀರಿ, ಎದ್ದು ನಿಂತು ತುಳೀರಿ, ತುಳಿಯುದು ಬಿಟ್ಟು ಸುಮ್ನೆ ಹೋಗ್ಲಿಕ್ಕೆ ಬಿಡಿ. ಸುಮ್ನೆ ಹೋಗುವಾಗ ಶಬ್ದ ಇಲ್ಲ, ಅಂದ್ರೆ ಚಕ್ರದ ಹಬ್ ಮೇಲೆ ಡೌಟ್ ಕಡಿಮೆ. ನಿಂತಾಗ ಶಬ್ದ ಸಣ್ಣ ಆಗ್ತದೆ ಆದ್ರೆ ಪೂರ್ತಿ ಹೋಗುದಿಲ್ಲ. ಅಷ್ಟಕ್ಕೇ ಅವ್ರು "ಎರಡು ಕಡೆಯಿಂದ ಬರ್ತಾ ಉಂಟು, ಒಂದು ಸೀಟಿಂದು" ಅಂದ್ರು. ನಂಗೆ ನಂಬಿಕೆ ಬರ್ಲಿಲ್ಲ, ಯಾಕಂದ್ರೆ ಕಾಲಿನ ಕೆಳಗೇ ಕೇಳ್ತಿತ್ತು. ಆದ್ರೆ ಫ್ರೇಮಿನ ಪೈಪ್ ಟೊಳ್ಳಲ್ವಾ, ಶಬ್ದ ಅದರೊಳಗೆ ಹೋಗಿ ಎಲ್ಲಿಂದ ಬಂದ್ರೂ ಕೆಳಗಿಂದ ಬಂದ ಹಾಗೆಯೇ ಕೇಳುದು, ಹಾಗಾಗಿ ಎಲ್ಲದಕ್ಕೂ ಬಿಬಿಯನ್ನೇ (ಬಾಟಮ್ ಬ್ರ್ಯಾಕೆಟ್, ಅಂದ್ರೆ ಕ್ರ್ಯಾಂಕಿನ ಎಕ್ಸಲ್ ಮತ್ತೆ ಬೇರಿಂಗ್ ಇರುವ ಭಾಗ) ಬೈಯುದು.

ಸೀಟ್‌ಪೋಸ್ಟ್ ಎಳೆದು ಹೊರಗೆ ತೆಗೆದ್ರೆ ಅದರ ಸುತ್ತ ಮರಳು ಮತ್ತೆ ಬಿಳಿ ಪುಡಿ, ಸಮುದ್ರ ಬದಿ ಓಡಿಸುವವರಿಗೆ ಇದು ಹೊಸತಲ್ಲ. ಒರೆಸಿ, ಗ್ರೀಸ್ ಹಚ್ಚಿ, ಸೀಟಿನ ಕಂಬಿ ಕೂರುವ ಕ್ಲ್ಯಾಂಪನ್ನೂ ಬಿಚ್ಚಿ ಕ್ಲೀನ್ ಮಾಡಿ ವಾಪಸ್ ಓಡಿಸ್ಲಿಕ್ಕೆ ಹೇಳಿದ್ರು. ಅರ್ಧಕ್ಕರ್ಧ ಕಡಿಮೆ! ಇದಕ್ಕೆ ಖರ್ಚು ಎಂತ, ಒಂದು ಬೆರಳು ಗ್ರೀಸ್. ಫ್ರೇಮ್ ಇಲ್ಲವೇ ಸೀಟ್‌ಪೋಸ್ಟ್ ಕಾರ್ಬನ್‌ದಾದ್ರೆ ಮಾತ್ರ ಗ್ರೀಸ್ ಹಾಕ್ಬೇಡಿ, ಅದಕ್ಕೆ ಬೇರೆಯೇ ಪೇಸ್ಟ್ ಬರ್ತದೆ.

ಉಳಿದದ್ದಕ್ಕೆ ಅವ್ರ ಹಳೇ ಪೆಡ್ಲ್ ಜೋಡಿ ಹಾಕಿ ನೋಡಿದ್ರು, ಹೋಗ್ಲಿಲ್ಲ. ಚೈನ್‌ರಿಂಗ್ ಬೋಲ್ಟ್ ಬಿಗಿ ಮಾಡಿದ್ರು, ಹೋಗ್ಲಿಲ್ಲ. ಆಮೇಲೆ ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿದ್ರು, ಎರಡೂ ಒಟ್ಟಿಗೆ ಸಣ್ಣಕ್ಕೆ ಟಕ್ ಅಂತ ಆಡಿದ್ವು. ಎರಡೂ ಒಟ್ಟಿಗೆ ಆಡಿದ್ರೆ ಬಿಬಿ, ಒಂದೇ ಆಡಿದ್ರೆ ಆ ಕ್ರ್ಯಾಂಕ್ ಎಕ್ಸಲಿನ ಮೇಲೆ ಲೂಸ್ ಅಂತ ಲೆಕ್ಕ. ಈ ಎರಡನೇದನ್ನು ಬಿಟ್ಟು ಓಡಿಸ್ತಾ ಇದ್ರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ತಿಂದು ಹೋಗ್ತದೆ, ಮತ್ತೆ ಎಷ್ಟು ಟೈಟ್ ಮಾಡಿದ್ರೂ ನಿಲ್ಲುದಿಲ್ಲ.

ಬಿಬಿ ಬಿಚ್ಚುದು ನೋಡ್ಲಿಕ್ಕೆ ಖುಷಿ. ಬಿಬಿಯನ್ನು ಫ್ರೇಮಿಗೆ ಹಿಡಿದಿಡುವ ಬಲಗಡೆ ಕಪ್ಪಿಗೆ ಉಲ್ಟಾ ಥ್ರೆಡ್, ಅಂದ್ರೆ ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಿ ಬಿಚ್ಚಬೇಕು, ಎಡಗಡೆಗೆ ಮಾಮೂಲಿ. ಪೆಡ್ಲಲ್ಲಿ ಇದರ ತದ್ವಿರುದ್ಧ, ಅಲ್ಲಿ ಎಡದ್ದು ಉಲ್ಟಾ. ಇಟಾಲಿಯನ್ ಥ್ರೆಡ್ಡಿನ ಫ್ರೇಮಾದ್ರೆ ಎರಡೂ ಕಡೆ ಮಾಮೂಲಿಯೇ, ಆದ್ರೆ ನಮ್ಮಲ್ಲಿ ಅದು ಕಾಣಸಿಗುದೇ ಅಪರೂಪ. ಕಪ್ ಹೊರಗೆ ಬಂದ ಕೂಡ್ಲೇ ತುಕ್ಕಿನ ಕೆಂಪು ನೀರು ಟ್ರೇಗೆ ಸುರಿಯಿತು, ಸೀಟ್‌ಪೋಸ್ಟ್ ಬದಿಯಿಂದ ಇಳಿದ ಮಳೆನೀರು ಎಲ್ಲ ಹೋಗಿ ಕೂರುದು ಅಲ್ಲೇ. ಹಳೇ ಬಿಬಿಯನ್ನು ನನ್ನ ಕೈಗೆ ಕೊಟ್ಟು "ತಿರುಗಿಸಿ ನೋಡಿ" ಅಂದ್ರು, ಒಳಗೆ ಮರಳು ಅರೆದ ಹಾಗೆ ಗರಗರ. ಇದು ಸೀಲ್ಡ್ ಕಾರ್ಟ್ರಿಜ್, ಹಳೇ ಸೈಕಲಿನ ಹಾಗೆ ಬಾಲ್ಸ್ ಹಾಕಿ ಗ್ರೀಸ್ ತುಂಬಿ ರಿಪೇರಿ ಮಾಡ್ಲಿಕ್ಕೆ ಆಗುದಿಲ್ಲ, ಇಡೀ ಬದಲಾಯಿಸುದೇ.

ಹಾಕಿದ್ದು ಶಿಮಾನೋ ಯುಎನ್300. ಶೆಲ್ (ಬಿಬಿ ಕೂರುವ ಫ್ರೇಮಿನ ಪೈಪ್) 68 ಎಂಎಂ, ಎಕ್ಸಲ್ 122.5. ಎಕ್ಸಲ್ ಉದ್ದ ಹಳೇದ್ದರಷ್ಟೇ ಇರ್ಬೇಕು, ಇಲ್ಲದಿದ್ರೆ ಚೈನ್‌ಲೈನ್, ಅಂದ್ರೆ ಚೈನ್ ಹೋಗುವ ನೇರ, ತಪ್ಪಿ ಮುಂದಿನ ಗೇರ್ ಕಿರಿಕಿರಿ. ಥ್ರೆಡ್ಡನ್ನು ಸೀಮೆಣ್ಣೆ ಹಾಕಿ ಬ್ರಶ್ಶಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಗ್ರೀಸ್ ಹಚ್ಚಿ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ ಆಮೇಲೆ ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್. ಶಿಮಾನೋ ಹೇಳುದು ಬಿಬಿಗೆ 50ರಿಂದ 70 ನ್ಯೂಟನ್ ಮೀಟರ್, ಕ್ರ್ಯಾಂಕ್ ಬೋಲ್ಟಿಗೆ 35ರಿಂದ 50. ಅಷ್ಟು ಸಣ್ಣ ಅಂಗಡಿಯಲ್ಲಿ ಟಾರ್ಕ್ ರೆಂಚ್ ನೋಡಿಯೇ ನಂಗೆ ಅರ್ಧ ಸಮಾಧಾನ ಆಯ್ತು. ಚೌಕ ಎಕ್ಸಲಿಗೆ ಗ್ರೀಸ್ ಹಾಕ್ಬೇಕಾ ಬೇಡ್ವಾ ಅಂತ ಸೈಕಲಿನವರಲ್ಲಿ ಮುಗಿಯದ ಜಗಳ ಉಂಟು, ಇವ್ರು ಹಾಕುವ ಪಾರ್ಟಿ ಅಲ್ಲ, ಒಣಗಿಸಿ ಒರೆಸಿಯೇ ಹಾಕಿದ್ರು. ಸ್ವಲ್ಪ ಓಡಿಸಿದ ಮೇಲೆ ಬೋಲ್ಟ್ ಒಮ್ಮೆ ಚೆಕ್ ಮಾಡ್ಲಿಕ್ಕೆ ಬನ್ನಿ ಅಂದ್ರು, ಹೋದಾಗ ದುಡ್ಡು ತಗೊಳ್ಳಿಲ್ಲ.

ಈಗ ಕದ್ರಿ ಏರಿನಲ್ಲಿ ನನ್ನ ಏದುಸಿರು ಬಿಟ್ರೆ ಬೇರೆ ಶಬ್ದ ಇಲ್ಲ. ಪಾರ್ಟ್ಸಿಗೆ ಎಂಆರ್‌ಪಿ, ಲೇಬರ್ 350. ಶೋರೂಮಿನವರು ಹೇಳಿದ ಕ್ರ್ಯಾಂಕ್‌ಸೆಟ್ಟಿಗೆ ಏನೂ ಆಗಿರ್ಲಿಲ್ಲ, ಅದೇ ಈಗ್ಲೂ ಓಡ್ತಾ ಉಂಟು.

ಅರ್ಧ ಸ್ಟಾರ್ ಹೋದದ್ದು ಕಾಯಿಸುದಕ್ಕೆ. ಬಿಬಿ ಅಂಗಡಿಯಲ್ಲಿ ಸ್ಟಾಕ್ ಇರ್ಲಿಲ್ಲ, ತರಿಸ್ಲಿಕ್ಕೆ ಒಂದು ವಾರದ ಮೇಲೆಯೇ ಹೋಯ್ತು, ಫೋನ್ ಮಾಡಿದ್ರೆ ತೆಗೆಯುದಿಲ್ಲ, ಕೈ ತುಂಬಾ ಗ್ರೀಸ್ ಇರುವಾಗ ಹೇಗೆ ತೆಗೆಯುದು ಅಂತ ಕೇಳ್ತಾರೆ. ಪ್ರೆಸ್‌ಫಿಟ್ ಬಿಬಿ ಇರುವ ಸೈಕಲಾದ್ರೆ ಅದನ್ನು ಒತ್ತಿ ಕೂರಿಸುವ ಟೂಲ್ ಇವ್ರ ಹತ್ರ ಇಲ್ಲ, ಅವ್ರೇ ಬಾಯಿಬಿಟ್ಟು ಹೇಳ್ತಾರೆ. ಆದಿತ್ಯವಾರ ರಜೆ, ಶನಿವಾರ ಸಂಜೆ ರಶ್, ಹೋಗುದಾದ್ರೆ ವಾರದ ಮಧ್ಯ ಬೆಳಿಗ್ಗೆಯೇ ಹೋಗಿ, ಓಡಿಸಿ ಕೇಳ್ಲಿಕ್ಕೆ ಅವ್ರಿಗೂ ಪುರ್ಸೊತ್ತು ಇರ್ತದೆ.